ನಿಂತ ಗಡಿಯಾರದ ಲೆಕ್ಕ: ನಗರಾಭಿವೃದ್ಧಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರ.

ನಾನು ವಿಜಯಪುರದವನು. ನಕ್ಷೆ ಹಾಕುವುದು ನನ್ನ ಕಸುಬು. ಮನೆ ನಕ್ಷೆ, ಲೇಔಟ್ ನಕ್ಷೆ, ಊರ ಅಂಚಿನ ಏಕ ನಿವೇಶನದ (ಇಡೀ ಜಾಗವನ್ನು ಒಂದೇ ಪ್ಲಾಟಾಗಿ ತೋರಿಸುವ) ನಕ್ಷೆ. ಹಾಕುವುದಕ್ಕೆ ಎರಡು ದಿನ ಸಾಕು. ಅದನ್ನು ಹಿಡಿದುಕೊಂಡು ಅಲೆಯುವುದಕ್ಕೆ ವರ್ಷ ಬೇಕು. ಇಪ್ಪತ್ತು ವರ್ಷದ ಮೇಲಾಯಿತು, ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಜಿಲ್ಲೆಗಳಲ್ಲಿ ಫೈಲು ಹಿಡಿದು ಓಡಾಡಿದ್ದೇನೆ. ಟೇಬಲ್ಲಿನ ಆ ಕಡೆ ಕೂತವರ ಕಷ್ಟವೂ ನನಗೆ ಗೊತ್ತು. ಅವರಲ್ಲಿ ಕೆಲವರು ಡಿಪ್ಲೊಮಾದಲ್ಲಿ ನನ್ನ ಜೊತೆ ಓದಿದವರೇ.

ಈ ನಕ್ಷೆಗಳಿಗೆ ಒಪ್ಪಿಗೆ ಕೊಡುವ ಯೋಜನಾ ಪ್ರಾಧಿಕಾರಗಳ ಕೆಲಸ ಸುಧಾರಿಸಬೇಕು ಅಂತ ಎಲ್ಲರೂ ಹೇಳುತ್ತಾರೆ. ಸುಧಾರಿಸಿದೆ, ಎಲ್ಲ ಆನ್‌ಲೈನ್ ಆಗಿದೆ, ಅರ್ಜಿಗಳು ಗಡುವಿನೊಳಗೆ ವಿಲೇವಾರಿ ಆಗುತ್ತಿವೆ ಅಂತ ಅಧಿಕಾರಿಗಳು ಹೇಳುತ್ತಾರೆ. ಎರಡೂ ನಿಜ. ಅದು ಹೇಗೆ ಅಂತ ತಿಳಿಯಬೇಕಾದರೆ ಒಬ್ಬ ಮಾಸ್ತರರ ಫೈಲು ಬಿಚ್ಚಿ ನೋಡಬೇಕು. ಯಾವ ಆಫೀಸು ಅಂತ ಹೇಳುವುದಿಲ್ಲ. ಹೇಳಿದರೆ ಅಲ್ಲಿನ ಕೇಸ್ ವರ್ಕರ್‌ಗೆ ನೋಟಿಸು ಹೋಗುತ್ತದೆ, ಆತನಿಗೆ ಬೇರೆ ಊರಿಗೆ ವರ್ಗವಾಗುತ್ತದೆ, ಪದ್ಧತಿ ಮಾತ್ರ ಅದೇ ಕುರ್ಚಿಯಲ್ಲಿ ಆರಾಮಾಗಿ ಕೂತಿರುತ್ತದೆ.

ಮಾಸ್ತರರು ಪ್ರಾಥಮಿಕ ಶಾಲೆಯಿಂದ ನಿವೃತ್ತರಾದವರು. ಊರ ಅಂಚಿನಲ್ಲಿ ಐದು ಗುಂಟೆ ಜಾಗ. ಎನ್‌ಎ (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗಿತ್ತು, ಅದರ ದುಡ್ಡೂ ಕಟ್ಟಿದ್ದರು. ಮನೆ ಕಟ್ಟಬೇಕಾದರೆ ಮೊದಲು ಏಕ ನಿವೇಶನದ ನಕ್ಷೆಗೆ ಪ್ರಾಧಿಕಾರದ ಒಪ್ಪಿಗೆ ಬೇಕು. ಆಮೇಲೆ ಕೆಜೆಪಿ (ಅಳತೆಯ ಬದಲಾವಣೆ ದಾಖಲಿಸುವ ಕಮಿ ಜಾಸ್ತಿ ಪತ್ರಕ), ಆಮೇಲೆ ಉತಾರ (ಜಾಗದ ಹಕ್ಕಿನ ದಾಖಲೆ), ಆಮೇಲೆ ಕಟ್ಟಡ ಪರವಾನಗಿ. ಎಲ್ಲ ಕಾಗದ ಸೇರಿಸಿ ಅರ್ಜಿ ಹಾಕಿದೆವು.

ತಿಂಗಳು ಮುಗಿಯುವ ಹೊತ್ತಿಗೆ ಕ್ವೆರಿ, ಅಂದರೆ ಆಫೀಸಿನ ಆಕ್ಷೇಪಣೆ ಬಂತು. ಸರ್ವೆ ಸ್ಕೆಚ್ ಹಳೆಯದು, ಹೊಸದು ತನ್ನಿ. ಸರಿ. ಸರ್ವೆ ಆಫೀಸಿಗೆ ಹೋಗಿ, ಸರದಿ ಕಾದು, ಹೊಸದು ತಂದೆವು. ಎರಡನೆಯ ಕ್ವೆರಿ: ಹಳೆಯ ಉತಾರದಲ್ಲಿ ಅಣ್ಣನ ಹೆಸರೂ ಇದೆ, ಅವರ ಒಪ್ಪಿಗೆ ಪತ್ರ ಬೇಕು. ಅಣ್ಣ ಸೊಲ್ಲಾಪುರದಲ್ಲಿದ್ದರು, ಮೊಣಕಾಲಿನ ಆಪರೇಷನ್ ಆಗಿತ್ತು. ಮಾಸ್ತರರೇ ಬಾಂಡ್ ಪೇಪರ್ ಹಿಡಿದು ಬಸ್ಸು ಹತ್ತಿದರು. ಮೂರನೆಯದು: ಜಾಗದ ಮುಂದೆ ಡಿಪಿ ರಸ್ತೆ (ಮಾಸ್ಟರ್ ಪ್ಲಾನಿನಲ್ಲಿ ಗುರುತಿಸಿದ, ಮುಂದೆ ಆಗಬೇಕಾದ ರಸ್ತೆ) ಬರುತ್ತದೆ, ಅಷ್ಟು ಜಾಗ ಬಿಟ್ಟು ನಕ್ಷೆ ತಿದ್ದಿ ಕೊಡಿ. ತಿದ್ದಿದೆ. ನಾಲ್ಕನೆಯದು: ತಿದ್ದಿದ ನಕ್ಷೆಯ ವಿಸ್ತೀರ್ಣ ಎನ್‌ಎ ಆದೇಶದ ವಿಸ್ತೀರ್ಣಕ್ಕಿಂತ ಕಡಿಮೆ ಇದೆ, ಕಾರಣ ತಿಳಿಸಿ.

ಇದನ್ನು ಓದಿ ಹೇಳಿದಾಗ ಮಾಸ್ತರರು ನಕ್ಕುಬಿಟ್ಟರು. "ಬಿಡ್ರಿ ಅಂದ್ರು, ಬಿಟ್ವಿ. ಈಗ ಯಾಕ ಕಡಿಮಿ ಆತು ಅಂತ ಕೇಳ್ತಾರಲ್ರೀ!"

ಐದನೆಯದು ಬರುವಷ್ಟರಲ್ಲಿ ಅಧಿಕಾರಿ ಬದಲಾಗಿದ್ದರು. ಹೊಸಬರಿಗೆ ನಕ್ಷೆ ಬೇರೆ ಸ್ಕೇಲಿನಲ್ಲಿ ಬೇಕಿತ್ತು.

ಒಟ್ಟು ಹನ್ನೊಂದು ತಿಂಗಳು. ಐದನೆಯದನ್ನು ಬಿಟ್ಟರೆ ಕೇಳಿದ್ದರಲ್ಲಿ ತಪ್ಪೇನಿಲ್ಲ ಅಂತ ನಾನೂ ಒಪ್ಪುತ್ತೇನೆ. ನಾಲ್ಕನೆಯದಕ್ಕೂ ಒಂದು ಅರ್ಥವಿದೆ, ದಾಖಲೆಗೆ ದಾಖಲೆ ತಾಳೆ ಆಗಬೇಕು. ಆದರೆ ಈ ನಾಲ್ಕೂ ಸಂಗತಿ ಮೊದಲ ದಿನ ಕೊಟ್ಟ ಕಾಗದಗಳಿಂದಲೇ ಗೊತ್ತಾಗುತ್ತಿದ್ದವು. ಅರ್ಧ ಗಂಟೆ ಕೂತು ಓದಿದ್ದರೆ ಒಂದೇ ಪತ್ರದಲ್ಲಿ ಎಲ್ಲ ಕೇಳಬಹುದಿತ್ತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ ಸಾಹೇಬರೇ. ಈ ಹನ್ನೊಂದು ತಿಂಗಳಲ್ಲಿ ಆ ಆಫೀಸು ಒಂದು ದಿನವೂ ತಡ ಮಾಡಿಲ್ಲ. ಅಂದರೆ ಕಂಪ್ಯೂಟರ್ ಪ್ರಕಾರ. ಕ್ವೆರಿ ಹಾಕಿದ ಕೂಡಲೇ ಆಫೀಸಿನ ಗಡಿಯಾರ ನಿಂತುಬಿಡುತ್ತದೆ. ಪರದೆಯ ಮೇಲೆ "ಅರ್ಜಿದಾರರಿಂದ ಉತ್ತರ ಬಾಕಿ" ಅಂತ ಕಾಣುತ್ತದೆ. ಉತ್ತರ ಕೊಟ್ಟರೆ ಎಣಿಕೆ ಮತ್ತೆ ಶುರು. ಮಾಸ್ತರರು ಸೊಲ್ಲಾಪುರಕ್ಕೆ ಹೋಗಿ ಬಂದ ದಿನಗಳು, ಸರ್ವೆಯವರಿಗಾಗಿ ಕಾದ ದಿನಗಳು, ಬಾಡಿಗೆ ಮನೆಗೆ ಜಾಸ್ತಿ ಕಟ್ಟಿದ ತಿಂಗಳುಗಳು ಯಾರ ಲೆಕ್ಕಕ್ಕೂ ಬರುವುದಿಲ್ಲ. ನಿಮ್ಮ ಮೇಜಿನ ಮೇಲೆ ಬರುವ ವರದಿಯಲ್ಲಿ ಆ ಫೈಲು "ಗಡುವಿನೊಳಗೆ ವಿಲೇವಾರಿ" ಎಂಬ ಸಾಲಿನಲ್ಲಿ ಹಾಯಾಗಿ ಮಲಗಿರುತ್ತದೆ.

ಕಾನೂನು ಇಲ್ಲ ಅಂತಲ್ಲ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 15ನೇ ಕಲಮಿನಲ್ಲೇ ಒಂದು ಮಾತಿದೆ: ಮೂರು ತಿಂಗಳೊಳಗೆ ಪ್ರಾಧಿಕಾರ ತನ್ನ ತೀರ್ಮಾನ ತಿಳಿಸದಿದ್ದರೆ ಪರವಾನಗಿ ಕೊಟ್ಟ ಹಾಗೇ. ಅರವತ್ತು ವರ್ಷದ ಹಿಂದೆ ಬರೆದವರಿಗೆ ನಮ್ಮ ಆಫೀಸುಗಳ ಸ್ವಭಾವ ಗೊತ್ತಿತ್ತು ಅಂತ ಕಾಣುತ್ತದೆ. ನನ್ನ ಕೈಯಲ್ಲಿ ಹೋದ ಫೈಲುಗಳಲ್ಲಿ ಒಬ್ಬರೂ ಇದನ್ನು ನಂಬಿ ಪಾಯ ತೋಡಿಲ್ಲ. ಯಾಕೆಂದರೆ ಸಾಲ ಕೊಡುವ ಬ್ಯಾಂಕಿನವರು ಕಾಯ್ದೆಯ ಕಲಮು ಕೇಳುವುದಿಲ್ಲ, ಸೀಲು ಸಹಿ ಇರುವ ನಕ್ಷೆ ಕೇಳುತ್ತಾರೆ. ಇನ್ನು 2012ರ ಏಪ್ರಿಲ್‌ನಿಂದ ರಾಜ್ಯದ ತುಂಬ ಜಾರಿಗೆ ಬಂದ ಸಕಾಲ ಇದೆ. ಸೇವೆ ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಆ 500 ರೂಪಾಯಿ ಕೇಳಿ ಅದೇ ಆಫೀಸಿಗೆ ನಾಳೆ ಮತ್ತೆ ಯಾವ ಮುಖ ಇಟ್ಟುಕೊಂಡು ಹೋಗುವುದು? ಯಾರೂ ಕೇಳುವುದಿಲ್ಲ.

ಇಂಗ್ಲೆಂಡಿನಲ್ಲೂ ಇದೇ ತಲೆನೋವು ಇತ್ತು ಅಂತ ಓದಿದಾಗ ನನಗೆ ಸ್ವಲ್ಪ ಸಮಾಧಾನವೇ ಆಯಿತು. ಅಲ್ಲಿ ಗಡುವು ಮೊದಲೇ ಇತ್ತು: ದೊಡ್ಡ ಅರ್ಜಿಗೆ 13 ವಾರ, ಸಣ್ಣದಕ್ಕೆ 8 ವಾರ. 2013ರಲ್ಲಿ ಅದನ್ನು ಕಾಯಲು ಒಂದು ಕಾನೂನು ತಂದರು. ಆಮೇಲೆ ನಿಗದಿಯಾದ ಮಟ್ಟ ಹೀಗೆ: ದೊಡ್ಡ ಅರ್ಜಿಗಳಲ್ಲಿ ನೂರಕ್ಕೆ 60, ಉಳಿದವುಗಳಲ್ಲಿ ನೂರಕ್ಕೆ 70 ಗಡುವಿನೊಳಗೆ ಮುಗಿಯದಿದ್ದರೆ ಆ ಊರಿನ ಯೋಜನಾ ಸಂಸ್ಥೆಯನ್ನು ಸರ್ಕಾರ ಕಳಪೆ ಪಟ್ಟಿಗೆ ಸೇರಿಸಬಹುದು. ಆಗ ಅರ್ಜಿದಾರ ಆ ಸಂಸ್ಥೆಯನ್ನು ಬಿಟ್ಟು ನೇರವಾಗಿ ಮೇಲಿನ ಯೋಜನಾ ಇನ್‌ಸ್ಪೆಕ್ಟರೇಟಿಗೆ ಅರ್ಜಿ ಹಾಕಬಹುದು. ಕೇಳುವುದಕ್ಕೆ ಚೆನ್ನಾಗಿದೆ, ಅಲ್ವಾ? ಆದರೆ ಅಲ್ಲೂ ಒಂದು ಕಿಂಡಿ ಇತ್ತು. ಇನ್ನಷ್ಟು ಸಮಯ ತೆಗೆದುಕೊಳ್ಳಿ ಅಂತ ಅರ್ಜಿದಾರನೇ ಬರೆದು ಒಪ್ಪಿದರೆ, ಆ ಅರ್ಜಿಯೂ ಸಮಯಕ್ಕೆ ಸರಿಯಾಗಿ ಮುಗಿದ ಲೆಕ್ಕಕ್ಕೆ ಸೇರುತ್ತದೆ. ಒಪ್ಪದಿದ್ದರೆ ತಿರಸ್ಕಾರ ಮಾಡಿಬಿಟ್ಟಾರು ಎಂಬ ಹೆದರಿಕೆ ಎಲ್ಲ ಊರಿನ ಅರ್ಜಿದಾರನಿಗೂ ಒಂದೇ. ಅಂಕಿ ಚೆನ್ನಾಯಿತು, ಕಾಯುವುದು ತಪ್ಪಲಿಲ್ಲ.

ಆದರೂ ಅವರಿಂದ ಎರಡು ವಿಷಯ ಕಲಿಯಬಹುದು. ಮೂರು ತಿಂಗಳಿಗೊಮ್ಮೆ ಪ್ರತಿ ಊರಿನ ಅಂಕಿಗಳನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತಾರೆ. ಮತ್ತೆ ವೇಗದ ಜೊತೆಗೆ ಇನ್ನೊಂದನ್ನೂ ಎಣಿಸುತ್ತಾರೆ: ಕೊಟ್ಟ ತೀರ್ಮಾನಗಳಲ್ಲಿ ಎಷ್ಟು ಮೇಲ್ಮನವಿಯಲ್ಲಿ ಬಿದ್ದುಹೋದವು ಅಂತ. ಅದು ನೂರಕ್ಕೆ 10 ದಾಟಿದರೆ ಅದೂ ಕಳಪೆಯೇ. ಬೇಗ ಮಾಡಿ ಕೆಟ್ಟದ್ದು ಮಾಡಿದರೂ ಸಿಕ್ಕಿಬೀಳುತ್ತಾರೆ.

ಜನ ಕಡಿಮೆ ಇದ್ದಾರೆ ಅಂತ ಅಧಿಕಾರಿಗಳು ಹೇಳುತ್ತಾರೆ. ಅದು ಸುಮ್ನೆ ಹೇಳುವ ಮಾತಲ್ಲ. ನೀತಿ ಆಯೋಗದ 2021ರ ವರದಿಯ ಪ್ರಕಾರ ದೇಶದ ರಾಜ್ಯ ಯೋಜನಾ ಇಲಾಖೆಗಳಲ್ಲಿ 12,000ಕ್ಕೂ ಜಾಸ್ತಿ ನಗರ ಯೋಜಕರು ಬೇಕು. ಮಂಜೂರಾದ ಹುದ್ದೆ 3,945. ಅದರಲ್ಲೂ ನೂರಕ್ಕೆ 42 ಖಾಲಿ. ಪ್ರಾಧಿಕಾರದ ಅಧ್ಯಕ್ಷರ ಕುರ್ಚಿ ಮಾತ್ರ ಎಷ್ಟು ದಿನ ಖಾಲಿ ಇದ್ದರೂ ಅದಕ್ಕೆ ಉಮೇದುವಾರರಿಗೆ ಬರವಿಲ್ಲ. ಯೋಜಕರ ಹುದ್ದೆಗೂ ಅಷ್ಟೇ ಓಡಾಟ ನಡೆದಿದ್ದರೆ ಚೆನ್ನಾಗಿತ್ತು. ಇರಲಿ. ಆದರೆ ಜನ ಕಡಿಮೆ ಇದ್ದಾಗಲೇ ಒಂದು ಫೈಲನ್ನು ಐದು ಸಲ ತೆರೆಯುವುದು ದುಬಾರಿ. ಒಂದೇ ಸಲ ಓದಿ ಎಲ್ಲ ಕೇಳಿದರೆ ಮಾಸ್ತರರಿಗೂ ಉಳಿತಾಯ, ಆಫೀಸಿಗೂ ಉಳಿತಾಯ.

ತಡವಾದರೆ ಏನಾಗುತ್ತದೆ ಅಂತ ನಮ್ಮ ಕಡೆ ಬಂದು ನೋಡಬೇಕು. ಎಲ್ಲರಿಗೂ ಮಾಸ್ತರರ ತಾಳ್ಮೆ ಇರುವುದಿಲ್ಲ. ಹನ್ನೊಂದು ತಿಂಗಳು ಕಾಯುವ ಬದಲು ಪಕ್ಕದ ಹೊಲದಲ್ಲಿ ಗುಂಟೆ ಪ್ಲಾಟ್ (ಒಪ್ಪಿಗೆಯಿಲ್ಲದೆ ಗುಂಟೆ ಲೆಕ್ಕದಲ್ಲಿ ಮಾರುವ ಜಾಗ) ಸಿಗುತ್ತದೆ. ಬಾಂಡ್ ಪೇಪರ್ ಮೇಲೆ ಬರೆಸಿಕೊಂಡು, ಸುಣ್ಣದ ಗೆರೆ ಎಳೆದು, ಮೂರು ತಿಂಗಳಲ್ಲಿ ಮನೆ ಎಬ್ಬಿಸುತ್ತಾರೆ. ಗಟಾರ ಇಲ್ಲ, ರಸ್ತೆ ಅಂದರೆ ಎತ್ತಿನ ಗಾಡಿಯ ದಾರಿ. ಕೊನೆಗೆ ಅವರನ್ನೂ ತೆರಿಗೆಯ ಲೆಕ್ಕಕ್ಕೆ ತರಬೇಕು ಅಂತ 2025ರಲ್ಲಿ ಸರ್ಕಾರವೇ ಊರೂರಿಗೆ ಬಿ-ಖಾತಾ ಅಭಿಯಾನ ಮಾಡಬೇಕಾಯಿತು. ಬಿ-ಖಾತಾ ಕೊಟ್ಟದ್ದನ್ನು ನಾನು ತಪ್ಪು ಅನ್ನುವುದಿಲ್ಲ, ಅಲ್ಲಿರುವವರೂ ಬದುಕಬೇಕು. ಆದರೆ ನೇರ ದಾರಿಯಲ್ಲಿ ಹೋದ ಮಾಸ್ತರರು ಅದನ್ನು ಪೇಪರಿನಲ್ಲಿ ಓದಿ, "ನಾನೂ ಹಂಗ ಮಾಡಿದ್ರ ಮುಗೀತಿತ್ತು ನೋಡ್ರಿ" ಅಂದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ದಿನಗಳ ಮಾತು ಸಾಕು. ಒಪ್ಪಿಗೆ ಕೊಟ್ಟ ಮೇಲೆ ನೆಲದ ಮೇಲೆ ಏನಾಗುತ್ತದೆ ಎಂಬುದನ್ನಂತೂ ಯಾರೂ ಎಣಿಸುವುದಿಲ್ಲ. ಇಲ್ಲಿ ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು.

ಹತ್ತು ವರ್ಷದ ಹಿಂದೆ ನಾನೇ ನಕ್ಷೆ ಹಾಕಿದ ಒಂದು ಲೇಔಟಿಗೆ ಈಚೆಗೆ ಹೋಗಿದ್ದೆ. ಅದರಲ್ಲಿ ನೂರಕ್ಕೆ 10 ಭಾಗ ಉದ್ಯಾನಕ್ಕೆ ಬಿಡಬೇಕಿತ್ತು. ಲೇಔಟ್ ಮಾಡುವವರು, "ಆ ತಗ್ಗಿನ ಮೂಲಿ ಹೆಂಗೂ ಪ್ಲಾಟಿಗೆ ಬರೂದಿಲ್ಲ, ಅಲ್ಲೇ ತೋರಿಸ್ರಿ" ಅಂದಿದ್ದರು. ತೋರಿಸಿದೆ. ಕಂಪ್ಯೂಟರಿನಲ್ಲಿ ಹಸಿರು ಬಣ್ಣ ತುಂಬಿದೆ, ನಾಲ್ಕು ಗಿಡದ ಗುರುತೂ ಹಾಕಿದೆ. ಪ್ರಾಧಿಕಾರದಲ್ಲಿ ವಿಸ್ತೀರ್ಣ ಕೂಡಿಸಿ ನೋಡಿದರು. ತಾಳೆ ಆಯಿತು. ಸಹಿ ಬಿತ್ತು. ಆ ಮೂಲೆ ಹಳ್ಳದ ದಂಡೆ ಅಂತ ನನಗೆ ಗೊತ್ತಿತ್ತು. ಜಾಗಕ್ಕೆ ಬಂದು ನೋಡಿದ್ದರೆ ಅವರಿಗೂ ಗೊತ್ತಾಗುತ್ತಿತ್ತು.

ಈಗ ಅಲ್ಲಿ ಎದೆ ಮಟ್ಟ ಜಾಲಿ ಬೆಳೆದಿದೆ. ಎರೆ ಮಣ್ಣು ಬಿರುಕು ಬಿಟ್ಟಿದೆ, ಬಿರುಕಿನಲ್ಲಿ ಗುಟ್ಕಾ ಚೀಟಿ. ಲೇಔಟಿನ ಗಟಾರಗಳೆಲ್ಲ ಅಲ್ಲಿಗೇ ಬಂದು ಸೇರುತ್ತವೆ. ಹುಡುಗರು ನಡುರಸ್ತೆಯಲ್ಲಿ ಕಲ್ಲಿಟ್ಟುಕೊಂಡು ಕ್ರಿಕೆಟ್ ಆಡುತ್ತಿದ್ದರು. ನಾನು ಟೇಪು ಬಿಚ್ಚಿ ಅಳೆಯುತ್ತಿದ್ದಾಗ ಎದುರು ಮನೆಯ ಅಜ್ಜಿಯೊಬ್ಬರು ಕಟ್ಟೆಯ ಮೇಲಿಂದ ಕೇಳಿದರು, "ಯಪ್ಪಾ, ಆ ಗಟಾರದಾಗ ಏನ್ ಅಳೀಲಿಕತ್ತಿ?" ಪಾರ್ಕು ಅಂದೆ. ಅವರಿಗೆ ಕೇಳಿಸಲಿಲ್ಲವೋ ನಂಬಿಕೆ ಬರಲಿಲ್ಲವೋ, ಇನ್ನೊಮ್ಮೆ ಕೇಳಿದರು.

ಅದೇ ಲೇಔಟಿನ 40 ಅಡಿ ರಸ್ತೆ ನೇರ ಹೋಗಿ ಪಕ್ಕದ ಲೇಔಟಿನ ಕಂಪೌಂಡಿಗೆ ಬಡಿಯುತ್ತದೆ. ಗೋಡೆಯ ಆ ಕಡೆ 30 ಅಡಿ ರಸ್ತೆ, ಅದೂ ಹತ್ತು ಅಡಿ ಸರಿದು. ನಡುವೆ ಯಾರೋ ಗೋಡೆ ಒಡೆದು ಬೈಕು ತೂರುವಷ್ಟು ಕಿಂಡಿ ಮಾಡಿಕೊಂಡಿದ್ದಾರೆ. ಎರಡಕ್ಕೂ ಒಪ್ಪಿಗೆ ಇದೆ, ಎರಡೂ ನಿಯಮದ ಪ್ರಕಾರ ಸರಿ. ಎರಡು ನಕ್ಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದವರು ಮಾತ್ರ ಯಾರೂ ಇಲ್ಲ. ಯೋಜನೆ ಅಂತ ಪ್ರಾಧಿಕಾರದ ಬೋರ್ಡಿನ ಮೇಲೆ ಬರೆದಿರುವುದು ಈ ಒಂದು ಕೆಲಸಕ್ಕೇ ಅಲ್ವಾ?

ಬೆಳಗಾವಿಯ ಬಳ್ಳಾರಿ ನಾಲಾ ನಿಮಗೆ ಗೊತ್ತೇ ಇದೆ. ಶಹಾಪುರ, ವಡಗಾವಿ ಕಡೆಯ ಬಾಸುಮತಿ ಗದ್ದೆಗಳ ರೈತರು ಮಳೆಗಾಲ ಬಂದರೆ ಆಕಾಶಕ್ಕಿಂತ ಜಾಸ್ತಿ ನಾಲೆಯನ್ನೇ ನೋಡುತ್ತಾರೆ. 2019ರ ಆಗಸ್ಟಿನಲ್ಲಿ ಊರೊಳಗೂ ನೀರು ನುಗ್ಗಿತು. ಅಲ್ಲಿ ಮಹಾನಗರ ಪಾಲಿಕೆ ಇದೆ, ನಗರಾಭಿವೃದ್ಧಿ ಪ್ರಾಧಿಕಾರ ಇದೆ, ದಂಡುಮಂಡಳಿ ಇದೆ, 2016ರಲ್ಲಿ ಮೊದಲ ಪಟ್ಟಿಯಲ್ಲೇ ಬಂದ ಸ್ಮಾರ್ಟ್ ಸಿಟಿಯ ಕಂಪನಿ ಬೇರೆ. ನೀರಿಗೆ ಈ ಗಡಿಗಳು ಗೊತ್ತಿಲ್ಲ. ಒಂದು ಲೇಔಟಿಗೆ ಒಪ್ಪಿಗೆ ಕೊಡುವಾಗ ಅದರ ಮಳೆ ನೀರು ಕೆಳಗೆ ಯಾರ ಹೊಲಕ್ಕೆ ಹೋಗುತ್ತದೆ ಎಂಬ ಕ್ವೆರಿಯನ್ನು ನಾನು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಎಲ್ಲೂ ಎದುರಿಸಿಲ್ಲ. ನಕ್ಷೆಯ ಸ್ಕೇಲು ಕೇಳಿದವರಿದ್ದಾರೆ.

ಬೇರೆ ಥರ ಆಗುವುದಕ್ಕೆ ಸಾಧ್ಯವೇ ಇಲ್ಲ ಅನ್ನಬೇಡಿ. ಬಾಗಲಕೋಟೆಯ ನವನಗರಕ್ಕೆ ಬನ್ನಿ. ಆಲಮಟ್ಟಿ ಹಿನ್ನೀರಿನಲ್ಲಿ ಹಳೆಯ ಊರಿನ ದೊಡ್ಡ ಭಾಗ ಮುಳುಗುತ್ತದೆ ಅಂತಾದಾಗ ಅದಕ್ಕೆಂದೇ ಒಂದು ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ಮಾಡಿದರು. ಚಾರ್ಲ್ಸ್ ಕೊರಿಯಾ ಅಂಥ ದೊಡ್ಡ ವಾಸ್ತುಶಿಲ್ಪಿ ಹೊಸ ಊರಿನ ಯೋಜನೆ ಮಾಡಿದರು. ಅಲ್ಲಿ ಎಲ್ಲ ಚೆನ್ನಾಗಿದೆ ಅಂತ ನಾನು ಹೇಳಿದರೆ ಬಾಗಲಕೋಟೆಯವರು ನನ್ನನ್ನು ಬಿಡುವುದಿಲ್ಲ. ಪರಿಹಾರಕ್ಕೆ ಕಾದು ಕಾದು ಮುದುಕರಾದವರು ಅಲ್ಲಿದ್ದಾರೆ. ಜಲಾಶಯದ ಮಟ್ಟ 519.60 ಮೀಟರಿನಿಂದ 524.256ಕ್ಕೆ ಏರುವ ಮಾತು ತೂಗಾಡುತ್ತಲೇ ಇದೆ, ಅಲ್ಲಿಯವರೆಗೆ ಊರು ಪೂರ್ತಿ ನೆಲೆ ನಿಲ್ಲುವುದಿಲ್ಲ. ಆದರೆ ಅಲ್ಲಿ ಸೆಕ್ಟರ್ ನಂಬರ್ ಹೇಳಿದರೆ ಆಟೋದವನು ಮರುಮಾತಿಲ್ಲದೆ ಕರೆದುಕೊಂಡು ಹೋಗುತ್ತಾನೆ. ರಸ್ತೆ ರಸ್ತೆಗೆ ಸೇರುತ್ತದೆ. ಮೊದಲು ರಸ್ತೆ, ಆಮೇಲೆ ಪ್ಲಾಟು ಎಂಬ ಕ್ರಮದಲ್ಲಿ ಕೆಲಸವಾದರೆ ಏನಾಗುತ್ತದೆ ಎಂಬುದಕ್ಕೆ ಅದೇ ಸಾಕ್ಷಿ. ಉಳಿದ ಊರುಗಳಲ್ಲಿ ಪ್ಲಾಟು ಮೊದಲು, ಮಾಸ್ಟರ್ ಪ್ಲಾನು ಆಮೇಲೆ. ಹತ್ತು ವರ್ಷಕ್ಕೊಮ್ಮೆಯಾದರೂ ಮಾಸ್ಟರ್ ಪ್ಲಾನ್ ಪರಿಷ್ಕರಿಸುವ ಮಾತು ಕಾಯ್ದೆಯಲ್ಲಿದೆ. ಹೊಸದು ಬರುವಷ್ಟರಲ್ಲಿ ಅದರಲ್ಲಿ ಹೊಲ ಅಂತ ತೋರಿಸಿದ ಜಾಗದಲ್ಲಿ ಎರಡಂತಸ್ತಿನ ಮನೆಗೆ ಬಣ್ಣ ಹೊಡೆಯುತ್ತಿರುತ್ತಾರೆ.

ನನ್ನೂರಿನದು ಇನ್ನೊಂದು ಥರದ ಗೋಳು. ವಿಜಯಪುರದಲ್ಲಿ ಗೋಲಗುಮ್ಮಟ, ಇಬ್ರಾಹಿಂ ರೋಜಾ, ಬಾರಾಕಮಾನು ಅಂತ ಪ್ರವಾಸಿಗರು ಮೂರು ನಾಲ್ಕು ಹೆಸರು ಹೇಳುತ್ತಾರೆ. ನಮಗೆ ಓಣಿಗೊಂದು ಸ್ಮಾರಕ. ಪುರಾತನ ಸ್ಮಾರಕಗಳ ಕಾಯ್ದೆಗೆ 2010ರಲ್ಲಾದ ತಿದ್ದುಪಡಿಯ ಪ್ರಕಾರ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವ ಹಾಗಿಲ್ಲ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಆ ಕಾನೂನು ಬೇಕು, ನನಗೆ ಅದರ ಮೇಲೆ ಸಿಟ್ಟಿಲ್ಲ. ಜಾಗ ಕೊಂಡ ಮೇಲೆ, ಸಾಲ ಮಾಡಿದ ಮೇಲೆ, ನಕ್ಷೆ ಹಾಕಿಸಲು ನನ್ನ ಹತ್ತಿರ ಬಂದ ಮೇಲೆ ಅದು ಗೊತ್ತಾಗುತ್ತದಲ್ಲ, ಅದಕ್ಕೆ ಸಿಟ್ಟು. ಎಷ್ಟೋ ಸಲ ಆ ಕೆಟ್ಟ ಸುದ್ದಿ ಹೇಳುವವನು ನಾನೇ ಆಗಿರುತ್ತೇನೆ. ಹೇಳಿ ಫೀಸು ಕೇಳಲು ಮನಸ್ಸು ಬರುವುದಿಲ್ಲ.

ಇದಕ್ಕೆ ದೊಡ್ಡ ಯಂತ್ರ ಏನೂ ಬೇಕಿಲ್ಲ. ದಿಶಾಂಕ್ ಆ್ಯಪ್ ಈಗಾಗಲೇ ಇದೆ. ಹೊಲದ ನಡುವೆ ನಿಂತು ಫೋನು ತೆರೆದರೆ ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಅದರ ಮೇಲೆ ಮಾಸ್ಟರ್ ಪ್ಲಾನಿನ ಡಿಪಿ ರಸ್ತೆಗಳನ್ನು ಎಳೆಯಿರಿ. ಹಳ್ಳ, ನಾಲೆಗಳ ಪಕ್ಕ ಬಿಡಬೇಕಾದ ಜಾಗ ತೋರಿಸಿ. ಸ್ಮಾರಕಗಳ ಸುತ್ತಿನ ಆ ಎರಡು ವರ್ತುಲ ಹಾಕಿ. ಒಪ್ಪಿಗೆಯಾದ ಪ್ರತಿ ಲೇಔಟನ್ನೂ ಅದೇ ನಕ್ಷೆಗೆ ಸೇರಿಸಿ. ಆಗ ಅಡ್ವಾನ್ಸ್ ಕೊಡುವ ಮೊದಲೇ ಜನರಿಗೆ ತಿಳಿಯುತ್ತದೆ. ನಲವತ್ತು ಅಡಿ ರಸ್ತೆ ಮೂವತ್ತು ಅಡಿಗೆ ಬಡಿಯುವುದು ಸಹಿ ಹಾಕುವವರಿಗೂ ಕಣ್ಣಿಗೆ ಬೀಳುತ್ತದೆ. ಮಾಸ್ತರರ ಮೂರನೆಯ ಕ್ವೆರಿ ಹುಟ್ಟುತ್ತಲೇ ಇರಲಿಲ್ಲ.

ಉಳಿದಂತೆ ನನ್ನ ಬೇಡಿಕೆ ಜಾಸ್ತಿ ಇಲ್ಲ. ಒಂದು ಅರ್ಜಿಗೆ ಒಂದೇ ಕ್ವೆರಿ ಪತ್ರ. ಎರಡನೆಯದು ಹಾಕಬೇಕಾದರೆ ಮೊದಲು ಯಾಕೆ ಕಾಣಲಿಲ್ಲ ಅಂತ ಮೇಲಧಿಕಾರಿ ಬರೆದು ಸಹಿ ಮಾಡಲಿ. ಗಡಿಯಾರವನ್ನು ಮಾತ್ರ ನಿಲ್ಲಿಸಬೇಡಿ. ಅರ್ಜಿ ಕೊಟ್ಟ ದಿನದಿಂದ ನಕ್ಷೆ ಕೈಗೆ ಬಂದ ದಿನದವರೆಗೆ ಕ್ಯಾಲೆಂಡರಿನ ಪ್ರಕಾರ ಎಣಿಸಿ. ಅದರಲ್ಲಿ ಅರ್ಜಿದಾರ ತಡ ಮಾಡಿದ್ದು ಎಷ್ಟು, ಆಫೀಸು ಎಷ್ಟು, ಬೇರೆ ಇಲಾಖೆ ಎಷ್ಟು ಅಂತ ಬಿಡಿಸಿ ತೋರಿಸಿ. ಮೂರು ತಿಂಗಳಿಗೊಮ್ಮೆ ಪ್ರತಿ ಪ್ರಾಧಿಕಾರದ ಲೆಕ್ಕವನ್ನು ಆಫೀಸಿನ ಬಾಗಿಲಿಗೇ ಅಂಟಿಸಿ. ನಮ್ಮ ಕಡೆ ಒಂದು ಊರಿನವರಿಗೆ ಪಕ್ಕದ ಊರಿನವರು ಮುಂದೆ ಹೋದರೆ ಸಹಿಸುವುದಿಲ್ಲ, ಅಷ್ಟರಿಂದಲೇ ಅರ್ಧ ಕೆಲಸ ಆಗುತ್ತದೆ.

ಹಾಗೆಯೇ ಒಪ್ಪಿಗೆ ಕೊಟ್ಟ ಐದು ವರ್ಷದ ಮೇಲೆ ಪ್ರತಿ ಲೇಔಟಿಗೂ ಒಬ್ಬರು ಹೋಗಿ ಬರಲಿ. ರಸ್ತೆ ಮುಂದಿನ ರಸ್ತೆಗೆ ಸೇರಿದೆಯೋ, ಗಟಾರ ಎಲ್ಲಿಗೆ ಹೋಗುತ್ತದೆ, ಪಾರ್ಕಿನಲ್ಲಿ ಒಂದು ಮಗು ಆಡುತ್ತಿದೆಯೋ, ಪಾಲಿಕೆಗೆ ಹಸ್ತಾಂತರ ಆಗಿದೆಯೋ. ಆ ಅಂಕಿಯೂ ಬಾಗಿಲ ಮೇಲೆ ಬರಲಿ. ನನ್ನ ಜಾಲಿ ಪಾರ್ಕಿನ ಲೇಔಟೂ ಆ ಪಟ್ಟಿಯಲ್ಲಿ ಬರುತ್ತದೆ. ನಕ್ಷೆ ಹಾಕಿದವರ ಹೆಸರೂ ಹಾಕುವುದಾದರೆ ಹಾಕಿ, ಬೇಡ ಅನ್ನುವುದಿಲ್ಲ.

ಮಾಸ್ತರರ ಮನೆ ಈಗ ಲಿಂಟಲ್ ಮಟ್ಟಕ್ಕೆ ಬಂದಿದೆ. ಡಿಪಿ ರಸ್ತೆಗೆ ಅಂತ ಬಿಟ್ಟ ಜಾಗದಲ್ಲಿ ಸದ್ಯಕ್ಕೆ ಉಸುಕು, ಜಲ್ಲಿ ಒಟ್ಟಿದ್ದಾರೆ. ಅದರ ಆಚೆಗೆ ತೊಗರಿ ಹೊಲ. ಹೋದ ವಾರ ನೀರು ಹೊಡೆಯುತ್ತಾ ನಿಂತಿದ್ದವರು ಕೇಳಿದರು, "ಇಂಜಿನಿಯರ್ ಸಾಹೇಬ್ರ, ಈ ರಸ್ತಾ ಯಾವಾಗ ಬರತೈತ್ರೀ?" ಅದನ್ನು ಯಾವ ಆಫೀಸಿನಲ್ಲಿ ಕೇಳಬೇಕು ಎಂಬುದನ್ನಾದರೂ ತಿಳಿಸಿದರೆ ಅವರಿಗೆ ಹೇಳುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ನಕ್ಷೆ ಹಾಕುವವನೊಬ್ಬ
ವಿಜಯಪುರ